ಬೆಂಗಳೂರಿನಲ್ಲಿ ಓಡುವ ಕಾರಿಗೆ ಸರ್ವೀಸ್ ಪಟ್ಟಿ: ನೀವು ಓಡಿಸುವ ರೀತಿಗೆ ಹೊಂದಿಸಿಕೊಳ್ಳುವುದು ಹೇಗೆ?

"ಮೀಟರ್ ಇನ್ನೂ 6,000 ತೋರಿಸ್ತಿದೆ. ಸರ್ವೀಸ್ 10,000ಕ್ಕೆ ತಾನೇ? ಆಗಲೇ ಆಯಿಲ್ ಯಾಕೆ ಇಷ್ಟು ಕೆಟ್ಟಿದೆ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಕೇಳುವವರು ಕಾರಿನ ಬಗ್ಗೆ ಉದಾಸೀನ ಮಾಡುವವರಲ್ಲ, ತಾರೀಕು ತಪ್ಪದೆ ಸರ್ವೀಸ್ ಮಾಡಿಸುವವರೇ. ಅವರು ಎಡವುವುದು ಒಂದೇ ಕಡೆ. ಮ್ಯಾನ್ಯುಯಲ್ ತೆರೆದ ಕೂಡಲೇ ಕಾಣುವ ಕೋಷ್ಟಕ ತಮ್ಮ ಕಾರಿಗೇ ಬರೆದದ್ದು ಅಂದುಕೊಳ್ಳುತ್ತಾರೆ. ಸಿಲ್ಕ್ ಬೋರ್ಡ್ ಹತ್ತಿರ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಇಂಜಿನ್ ಪೂರ್ತಿ ಇಪ್ಪತ್ತು ನಿಮಿಷ ಓಡಿರುತ್ತದೆ. ಮೀಟರ್ ಮಾತ್ರ ಅರ್ಧ ಕಿಲೋಮೀಟರ್ ಅಂತ ಬರೆದುಕೊಂಡಿರುತ್ತದೆ. ಲೆಕ್ಕ ತಪ್ಪುವುದು ಅಲ್ಲಿಂದಲೇ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ತುಂಬಾ ಜನ ಮೊದಲ ಎರಡನ್ನು ಬಿಟ್ಟು ನೇರ ಪಟ್ಟಿ ಬರೆಯಲು ಕೂರುತ್ತಾರೆ. ಆಮೇಲೆ ಆ ಪಟ್ಟಿ ಪಕ್ಕದ ಮನೆಯವರ ಕಾರಿಗೆ ಸರಿಹೋಗುತ್ತದೆ, ತಮ್ಮದೇ ಕಾರಿಗೆ ಸರಿಹೋಗುವುದಿಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಕಾರಿನ ಓನರ್ಸ್ ಮ್ಯಾನ್ಯುಯಲ್ ಬೇಕೇ ಬೇಕು. ಗ್ಲೋವ್ ಬಾಕ್ಸ್‌ನಲ್ಲಿ ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಮಾಡೆಲ್ ಮತ್ತು ತಯಾರಾದ ವರ್ಷದ್ದನ್ನೇ ಇಳಿಸಿಕೊಳ್ಳಿ. ಹಳೇ ಸರ್ವೀಸ್ ಬಿಲ್‌ಗಳನ್ನು ಹುಡುಕಿ ಇಡಿ. ಒಂದು ಸಣ್ಣ ನೋಟ್‌ಬುಕ್, ಟಾರ್ಚ್, ಹಳೇ ಬನಿಯನ್ ಬಟ್ಟೆ, ಟೈರ್ ಪ್ರೆಶರ್ ಗೇಜ್ ಇರಲಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿ ನೋಡಲು ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಸಮಯ? ಎರಡು ವಾರ ದಿನಕ್ಕೆ ಒಂದು ನಿಮಿಷ, ಆಮೇಲೆ ಒಂದು ಭಾನುವಾರ ಬೆಳಗ್ಗೆ.

## 1. ಎರಡು ವಾರ ಸುಮ್ನೆ ಬರೆದಿಡಿ

ಮೀಟರ್‌ನಲ್ಲಿ 'ಟ್ರಿಪ್ ಬಿ' ಅಂತ, ಬೇಕಾದಾಗ ಸೊನ್ನೆ ಮಾಡಿಕೊಳ್ಳುವ ಕಿ.ಮೀ. ಲೆಕ್ಕ ಇರುತ್ತದೆ. ಅದನ್ನು ಒತ್ತಿ ಹಿಡಿದು ಸೊನ್ನೆ ಮಾಡಿ. ಈಚಿನ ಎಷ್ಟೋ ಕಾರುಗಳಲ್ಲಿ ಅದರ ಜೊತೆಗೇ ಸರಾಸರಿ ವೇಗವೂ ಕಾಣುತ್ತದೆ. ಎರಡು ವಾರ ಅದನ್ನು ಮುಟ್ಟಬೇಡಿ.

ಸರಾಸರಿ ವೇಗ ತೋರಿಸದ ಕಾರಾದರೆ ಕೈಯಲ್ಲೇ ಬರೆಯಬೇಕು. ಇಂಜಿನ್ ಸ್ಟಾರ್ಟ್ ಮಾಡಿದ ಹೊತ್ತು, ಆಫ್ ಮಾಡಿದ ಹೊತ್ತು, ಎಷ್ಟು ಕಿ.ಮೀ. ಅಷ್ಟೇ. ಮಗಳನ್ನು ಟ್ಯೂಷನ್‌ನಿಂದ ಕರೆತರಲು ಹೋಗಿ ಎಸಿ ಹಾಕಿಕೊಂಡು ಕಾಯುತ್ತೀರಲ್ಲ, ಆ ಹೊತ್ತನ್ನೂ ಸೇರಿಸಿ.

ಇನ್ನೊಂದು ಸಂಖ್ಯೆ ಎಲ್ಲರೂ ಮರೆಯುತ್ತಾರೆ: ಎಷ್ಟು ಸಲ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಿರಿ, ಅದರಲ್ಲಿ ಎಷ್ಟು ಸಲ ಹದಿನೈದು ನಿಮಿಷದೊಳಗೆ ಆಫ್ ಮಾಡಿದಿರಿ. ಪ್ರತಿ ಸ್ಟಾರ್ಟನ್ನೂ ಬರೆದು, ಹಾಗೆ ಬೇಗ ಆಫ್ ಮಾಡಿದ್ದಕ್ಕೆ ಮಾತ್ರ ಒಂದು ಗೆರೆ ಎಳೆಯಿರಿ. ಮೂರನೇ ಹಂತದಲ್ಲಿ ಈ ಗೆರೆಗಳೇ ಬೇಕಾಗುವುದು.

ನನ್ನ ಪುಸ್ತಕದ ಒಂದು ದಿನ ಹೀಗಿದೆ. ಬನಶಂಕರಿಯಿಂದ ಮಾರತಹಳ್ಳಿ, 19 ಕಿ.ಮೀ., ಬೆಳಗ್ಗೆ 1 ಗಂಟೆ 5 ನಿಮಿಷ. ವಾಪಸ್ ಅಷ್ಟೇ ದೂರ, 1 ಗಂಟೆ 25 ನಿಮಿಷ. ಒಟ್ಟು 38 ಕಿ.ಮೀ.ಗೆ ಎರಡೂವರೆ ಗಂಟೆ. ಅಂದರೆ ಗಂಟೆಗೆ 15 ಕಿ.ಮೀ. ಚೂರು ಜಾಸ್ತಿ. ಸೈಕಲ್ ವೇಗ, ಅಲ್ವಾ?

ಇಲ್ಲಿ ಆಗುವ ತಪ್ಪು: ದಸರಾ ರಜೆಯ ವಾರವನ್ನೋ ಊರು ಖಾಲಿಯಾಗಿರುವ ದೀಪಾವಳಿಯ ವಾರವನ್ನೋ ಆರಿಸಿಕೊಳ್ಳುವುದು. ಶಾಲೆ, ಆಫೀಸು ಎರಡೂ ನಡೆಯುವ ಮಾಮೂಲಿ ವಾರಗಳೇ ಇರಲಿ.

## 2. ಕಿಲೋಮೀಟರನ್ನು ಗಂಟೆಗೆ ತಿರುಗಿಸಿ

ಕಿ.ಮೀ.ಯನ್ನು ಸರಾಸರಿ ವೇಗದಿಂದ ಭಾಗಿಸಿದರೆ ಇಂಜಿನ್ ಓಡಿದ ಗಂಟೆ ಸಿಗುತ್ತದೆ. ತುಮಕೂರು ರಸ್ತೆಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ 10,000 ಕಿ.ಮೀ. ಓಡಿದ ಕಾರಿನ ಇಂಜಿನ್ 167 ಗಂಟೆ ತಿರುಗಿದೆ. ಔಟರ್ ರಿಂಗ್ ರೋಡ್‌ನಲ್ಲಿ 15ರ ಸರಾಸರಿಯಲ್ಲಿ ಅಷ್ಟೇ ದೂರ ಹೋದದ್ದು 667 ಗಂಟೆ ತಿರುಗಿದೆ. ಮೀಟರ್ ಎರಡರಲ್ಲೂ ಒಂದೇ. ಆಯಿಲ್ ಮಾತ್ರ ನಾಲ್ಕು ಪಟ್ಟು ದುಡಿದಿದೆ.

ಇದು ಹೊಸ ವಿಚಾರವೇನಲ್ಲ. ಜೆಸಿಬಿ, ಟ್ರ್ಯಾಕ್ಟರ್, ಅಪಾರ್ಟ್‌ಮೆಂಟಿನ ಜನರೇಟರ್, ಇವುಗಳಿಗೆಲ್ಲ ಗಂಟೆ ಲೆಕ್ಕದಲ್ಲೇ ಸರ್ವೀಸ್. ಸಾಮಾನ್ಯ ಕಾರುಗಳಲ್ಲಿ ಗಂಟೆ ಮೀಟರ್ ಇರುವುದಿಲ್ಲ, ಅದಕ್ಕೇ ನಾವು ಮರೆತಿದ್ದೇವೆ.

ನಾನು ಬಳಸುವ ಅಂದಾಜಿನ ಸೂತ್ರ: ಸರಾಸರಿ ವೇಗವನ್ನು 400ರಿಂದ ಗುಣಿಸಿ. ಬಂದ ಸಂಖ್ಯೆಯೇ ಆಯಿಲ್ ಬದಲಿಸುವ ಕಿ.ಮೀ. ವೇಗ 15 ಆದರೆ 6,000. 20 ಆದರೆ 8,000. 25 ಆದರೆ 10,000. ಅದಕ್ಕಿಂತ ಜಾಸ್ತಿ ಬಂದರೂ ಮ್ಯಾನ್ಯುಯಲ್ ಹೇಳಿದ ಮಿತಿ ದಾಟಬೇಡಿ. ಇದು ಸಿಂಥೆಟಿಕ್ ಆಯಿಲ್ ಹಾಕುವ ಪೆಟ್ರೋಲ್ ಕಾರಿಗೆ ನಾನು ಇಟ್ಟುಕೊಂಡಿರುವ ಲೆಕ್ಕ, ಕಂಪನಿಯ ನಿಯಮ ಅಲ್ಲ. ಮಿನರಲ್ ಆಯಿಲ್ ಹಾಕಿಸುತ್ತಿದ್ದರೆ 300 ಅಂತ ಇಟ್ಟುಕೊಳ್ಳಿ.

ಇಷ್ಟು ತಿಂಗಳಿಗೊಮ್ಮೆ ಬದಲಿಸಿ ಅನ್ನುವ ಮಿತಿಯೂ ಬೇರೆ ಇದೆ, ಅದನ್ನು ಈ ಸೂತ್ರ ಅಳಿಸುವುದಿಲ್ಲ.

## 3. ನಿಮ್ಮ ಕಾರು ಯಾವ ಜಾತಿ?

ಒಂದೇ ಕಾರು ಎರಡು ಜಾತಿಗೆ ಸೇರಬಹುದು. ಆಗ ಯಾವುದು ಕಾರನ್ನು ಜಾಸ್ತಿ ದಣಿಸುತ್ತದೋ ಅದನ್ನೇ ಹಿಡಿಯಿರಿ.

ತರಕಾರಿ ಕಾರು. ಇದರಿಂದಲೇ ಶುರು ಮಾಡುತ್ತೇನೆ. ಎಲ್ಲರೂ "ನಮ್ಮದು ಓಡೋದೇ ಕಮ್ಮಿ, ಏನಾಗತ್ತೆ" ಅನ್ನುವುದು ಇದರ ಬಗ್ಗೆಯೇ. ಜಯನಗರದಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಪರಿಚಯ. ಅವರ ಕಾರು ಹನ್ನೊಂದು ತಿಂಗಳಲ್ಲಿ 2,300 ಕಿ.ಮೀ. ಓಡಿತ್ತು. ಫೋರ್ತ್ ಬ್ಲಾಕ್ ಮಾರ್ಕೆಟ್, ಡಾಕ್ಟರ ಶಾಪು, ಮಗಳ ಮನೆ. ಯಾವುದೂ 4 ಕಿ.ಮೀ. ದಾಟುವುದಿಲ್ಲ.

ಒಂದು ದಿನ ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ. ಒಳಗಡೆ ಕಾಫಿ ನೊರೆ ಲೋಟದಂಚಿಗೆ ಅಂಟಿ ಒಣಗಿದ ಹಾಗೆ, ಹಾಲು ಬೆರೆತ ಕಂದು ಬಣ್ಣದ ಪೇಸ್ಟ್. ಬೆರಳಲ್ಲಿ ತೆಗೆದರೆ ಜಿಡ್ಡಿಗಿಂತ ನೀರಿನ ಅಂಶವೇ ಜಾಸ್ತಿ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಇದೇನಪ್ಪಾ, ಬೆಣ್ಣೆ ಕಡೆದ ಹಾಗಿದೆ" ಅಂದರು.

ಅದು ಎಲ್ಲಿಂದ ಬಂತು ಅಂದರೆ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಮತ್ತೆ ಆವಿಯಾಗಿ ಹೊರಟುಹೋಗುತ್ತದೆ. ಕಾಯುವ ಮೊದಲೇ ಆಫ್ ಮಾಡಿದರೆ ಅಲ್ಲೇ ಉಳಿಯುತ್ತದೆ, ಜೊತೆಗೆ ಉರಿಯದೆ ಇಳಿದ ಪೆಟ್ರೋಲೂ ಉಳಿಯುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಆಯಿಲ್ ಕಾದಿದೆ ಅಂತಲ್ಲ. ಆ ಮುಳ್ಳು ಹೇಳುವುದು ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವದ ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನ.

ಇಂಥ ಕಾರಿಗೆ ನನ್ನ 400ರ ಸೂತ್ರ ಕೈಕೊಡುತ್ತದೆ. ಮೇಷ್ಟ್ರ ಸರಾಸರಿ ವೇಗ 13, ಅಂದರೆ 5,200 ಕಿ.ಮೀ. ಅದನ್ನು ಮುಟ್ಟಲು ಅವರಿಗೆ ಎರಡು ವರ್ಷ ಬೇಕು. ನಿಮ್ಮ ಪುಸ್ತಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಾರ್ಟ್‌ಗಳಿಗೆ ಗೆರೆ ಬಿದ್ದಿದ್ದರೆ ಕಿ.ಮೀ. ಮರೆತುಬಿಡಿ. ಆರು ತಿಂಗಳಿಗೊಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ನೈಸ್ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಒಂದೇ ಸಮ ಓಡಿಸಿ ಬನ್ನಿ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು ಅನ್ನುವವರಿದ್ದಾರೆ. ಅದು ಸರಿಪಡಿಸುವುದಕ್ಕಿಂತ ಕೆಡಿಸುವುದೇ ಜಾಸ್ತಿ.

ಆಫೀಸ್ ಕಾರು. ಟಿನ್ ಫ್ಯಾಕ್ಟರಿ, ಹೆಬ್ಬಾಳ, ಬೆಳ್ಳಂದೂರು ದಿನಾ ಕಾಣುವ ಕಾರು. ಇಂಜಿನ್ ಚೆನ್ನಾಗಿ ಕಾಯುತ್ತದೆ, ನೀರಿನ ತೊಂದರೆ ಇಲ್ಲ. ಆದರೆ ಗಂಟೆಗಳು ಏರುತ್ತವೆ, ಕ್ಲಚ್ ಮತ್ತು ಬ್ರೇಕ್ ಸವೆಯುತ್ತವೆ. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಮೆಟ್ರೋ ಕಾಮಗಾರಿ, ರಸ್ತೆ ಅಗೆತದ ಧೂಳು ಏರ್ ಫಿಲ್ಟರ್‌ಗೆ ಬೋನಸ್ಸು.

ನಿಂತ ಕಾರು. ವರ್ಕ್ ಫ್ರಂ ಹೋಮ್‌ನವರದ್ದು. ಎರಡು ವಾರಕ್ಕೊಮ್ಮೆ ಹೊರಬರುತ್ತದೆ. ಇದಕ್ಕೆ ಶತ್ರು ಬ್ಯಾಟರಿ ಇಳಿಯುವುದು, ಟೈರ್ ಗಾಳಿ, ಮತ್ತು ಇಲಿ. ನಗಬೇಡಿ, ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ವೈರ್ ಕಡಿದ ಇಲಿಯಿಂದ ಆದ ಖರ್ಚು ಒಂದು ಸರ್ವೀಸ್‌ಗಿಂತ ದೊಡ್ಡದಾಗಬಹುದು. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಡಿದ ಚೂರು ಇದೆಯಾ ನೋಡಿ.

ಹೈವೇ ಕಾರು. ತಿಂಗಳಿಗೆ ಎರಡು ಸಲ ಹಾಸನ, ಶಿವಮೊಗ್ಗ, ಮಂಗಳೂರು. ಇದಕ್ಕೆ ಮ್ಯಾನ್ಯುಯಲ್‌ನ ಮಾಮೂಲಿ ಕೋಷ್ಟಕ ಸಾಕು. ಟೈರ್ ಮಾತ್ರ ಗಟ್ಟಿಯಾಗಿ ನೋಡಿಕೊಳ್ಳಿ. ಶಿರಾಡಿ ಘಾಟಿ ಆಗಾಗ ಇಳಿಯುವವರು ಬ್ರೇಕ್ ಫ್ಲೂಯಿಡ್ ವಿಚಾರದಲ್ಲಿ ಸಡಿಲ ಬಿಡಬಾರದು.

ಡೀಸೆಲ್ ಇಟ್ಟುಕೊಂಡವರಿಗೆ ಒಂದು ಮಾತು ಬೇರೆಯೇ ಹೇಳಬೇಕು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಕಡ್ಡಾಯವಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಲು ಫಿಲ್ಟರ್ ಸುಮಾರು 600 ಡಿಗ್ರಿವರೆಗೆ ಕಾಯಬೇಕು. ಊರೊಳಗಿನ ಓಡಾಟದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹಾಗಾದರೆ ಮಸಿ ಸುಡಲು ಹಾಕಿದ ಹೆಚ್ಚುವರಿ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ದಿನಕ್ಕೆ 6 ಕಿ.ಮೀ. ಓಡಿಸುವವರು ಡೀಸೆಲ್ ಕಾರು ಯಾಕೆ ತಗೊಂಡರು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ತಗೊಂಡಾಗಿದೆ ಅಂದರೆ ಮೇಷ್ಟ್ರಿಗೆ ಹೇಳಿದ ವಾರದ ಅರ್ಧ ಗಂಟೆ ಓಡಾಟ ನಿಮಗೆ ಕಡ್ಡಾಯ.

## 4. ಮ್ಯಾನ್ಯುಯಲ್‌ನಲ್ಲಿ ಎರಡನೇ ಕೋಷ್ಟಕ ಹುಡುಕಿ

ಮೇಂಟೆನೆನ್ಸ್ ಅಧ್ಯಾಯದಲ್ಲಿ ಮಾಮೂಲಿ ಕೋಷ್ಟಕ ಮುಗಿದ ಮೇಲೆ ಎರಡು ಪುಟ ತಿರುಗಿಸಿ. ಬಹಳಷ್ಟು ಮ್ಯಾನ್ಯುಯಲ್‌ಗಳಲ್ಲಿ 'ಸಿವಿಯರ್ ಕಂಡಿಷನ್ಸ್' (ಕಾರು ದಣಿಯುವ ಕಠಿಣ ಓಡಾಟ) ಅನ್ನುವ ಇನ್ನೊಂದು ಕೋಷ್ಟಕ ಇರುತ್ತದೆ. ಅದರ ಮೇಲೆ ಯಾರಿಗೆ ಇದು ಅನ್ವಯ ಅಂತ ಬರೆದಿರುತ್ತಾರೆ: ಪದೇ ಪದೇ ಸಣ್ಣ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್, ಧೂಳಿನ ರಸ್ತೆ, ಜಾಸ್ತಿ ಹೊತ್ತು ಐಡ್ಲಿಂಗ್, ಅಂದರೆ ನಿಂತಲ್ಲೇ ಇಂಜಿನ್ ಓಡುವುದು. ಓದುತ್ತಿದ್ದರೆ ಬೆಂಗಳೂರಿಗೆ ಬಂದು ನೋಡಿ ಬರೆದ ಹಾಗಿರುತ್ತದೆ.

ಕೋಷ್ಟಕದಲ್ಲಿ 'ಆರ್' ಅಂದರೆ ಬದಲಿಸಿ, 'ಐ' ಅಂದರೆ ಪರೀಕ್ಷಿಸಿ. 'ಐ' ಇದ್ದ ಕಡೆಯೂ ಹೊಸದು ಹಾಕಿ ಬಿಲ್ ಮಾಡುವ ಗ್ಯಾರೇಜುಗಳಿವೆ. ಕೋಷ್ಟಕದ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. "ಕಿ.ಮೀ. ಅಥವಾ ತಿಂಗಳು, ಯಾವುದು ಮೊದಲೋ ಅದು" ಅನ್ನುವ ಸಾಲು ಅಲ್ಲೇ ಇರುತ್ತದೆ.

ಎರಡನೇ ಕೋಷ್ಟಕ ಇಲ್ಲದ ಮ್ಯಾನ್ಯುಯಲ್ ಆದರೆ ಎರಡನೇ ಹಂತದ ಸೂತ್ರವನ್ನು ಹಿಡಿಯಿರಿ. ಅಮೆರಿಕದ ವಿಡಿಯೊ ನೋಡಿ ಪಟ್ಟಿ ಮಾಡಬೇಡಿ. ಅದೇ ಹೆಸರಿನ ಕಾರಿಗೆ ಅಲ್ಲಿ ಇಂಜಿನ್ ಬೇರೆ ಇರಬಹುದು, ಆಯಿಲ್ ಬೇರೆ ಇರಬಹುದು.

ಆಯಿಲ್ ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನುವ ಗುರುತು, ಇಲ್ಲೇ ಬರೆದುಕೊಳ್ಳಿ. 0ಡಬ್ಲ್ಯು-20 ಹೇಳಿದ್ದರೆ ಅದೇ. "ದಪ್ಪ ಆಯಿಲ್ ಹಾಕಿದ್ರೆ ಇಂಜಿನ್ ತಂಪಾಗಿರತ್ತೆ ಸಾರ್" ಅನ್ನುವ ಸಲಹೆಗೆ ತಲೆಯಾಡಿಸಿ, ಕೇಳದ ಹಾಗೆ ಮುಂದೆ ಹೋಗಿ.

## 5. ಒಂದೊಂದು ಭಾಗಕ್ಕೂ ಅದರದ್ದೇ ಲೆಕ್ಕ

ಕಾರಿಗೆಲ್ಲ ಸೇರಿ ಒಂದು ಸರ್ವೀಸ್ ತಾರೀಕು ಅನ್ನುವುದು ಸೆಂಟರ್‌ನವರ ಅನುಕೂಲಕ್ಕೆ. ಭಾಗಗಳು ಬೇರೆ ಬೇರೆ ಕಾರಣಕ್ಕೆ ಸವೆಯುತ್ತವೆ. ಪುಸ್ತಕದಲ್ಲಿ ಐದು ಹಾಳೆ ಮಾಡಿಕೊಳ್ಳಿ.

ಗಂಟೆಗೆ ಸವೆಯುವುದು. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರೂ ಹೊಸದಾಗಲಿ, ಅಲ್ಲಿ ಉಳಿತಾಯ ಬೇಡ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಫ್ಲೂಯಿಡ್ ಕೂಡ ಇಲ್ಲೇ ಬರುತ್ತದೆ. ಸಿವಿಟಿ (ಹಲ್ಲಿನ ಗೇರ್ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಇರುವವರು ಎರಡನೇ ಕೋಷ್ಟಕದಲ್ಲಿ ಅದರ ಸಾಲನ್ನು ಹುಡುಕಿ ಸುತ್ತು ಹಾಕಿ. ಸ್ಪಾರ್ಕ್ ಪ್ಲಗ್ ಸಾದಾ ನಿಕಲ್‌ದಾದರೆ ಸುಮಾರು 40,000 ಕಿ.ಮೀ., ಇರಿಡಿಯಂ ಆದರೆ 1,00,000ದ ಹತ್ತಿರ.

ಕಾಲಿನಿಂದ ಸವೆಯುವುದು. ಬ್ರೇಕ್ ಪ್ಯಾಡ್, ಕ್ಲಚ್. ಇವಕ್ಕೆ ಕಿ.ಮೀ. ಹೇಳಲು ಆಗುವುದೇ ಇಲ್ಲ. ಅರ್ಧ ಕ್ಲಚ್ಚಲ್ಲಿ ಫ್ಲೈಓವರ್ ಏರುತ್ತಾ ಹ್ಯಾಂಡ್‌ಬ್ರೇಕ್ ಮುಟ್ಟದವರ ಕ್ಲಚ್ 40,000ಕ್ಕೇ ಮುಗಿದದ್ದು ನೋಡಿದ್ದೇನೆ. ಅದೇ ಮಾಡೆಲ್ 1,00,000 ದಾಟಿದ್ದೂ ನೋಡಿದ್ದೇನೆ. ಎಎಂಟಿ, ಅಂದರೆ ಕ್ಲಚ್ಚನ್ನು ಕಾರೇ ಒತ್ತಿ ಗೇರ್ ಬದಲಿಸುವ ಆಟೋಮ್ಯಾಟಿಕ್ ಇರುವವರಿಗೂ ಇದೇ ಮಾತು. ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಒತ್ತಿ. ಪ್ಯಾಡ್ 3 ಮಿ.ಮೀ.ಗೆ ಇಳಿದರೆ ಬದಲಿಸಿ. ಟೈರ್ ಬಿಚ್ಚಿದಾಗಲೆಲ್ಲ ಟಾರ್ಚ್ ಹಿಡಿದು ನೋಡಿ.

ರಸ್ತೆಯಿಂದ ಸವೆಯುವುದು. ಟೈರ್, ಅಲೈನ್‌ಮೆಂಟ್, ಸಸ್ಪೆನ್ಷನ್ ಬುಷ್. ಟೈರ್ ಅದಲುಬದಲು 8,000ದಿಂದ 10,000 ಕಿ.ಮೀ.ಗೊಮ್ಮೆ. ಅಲೈನ್‌ಮೆಂಟನ್ನೂ ಆಗಲೇ ನೋಡಿಸಿ. ದೊಡ್ಡ ಗುಂಡಿಗೆ ಇಳಿದ ಮೇಲೆ ಸ್ಟೇರಿಂಗ್ ಒಂದು ಕಡೆ ಎಳೆದರೆ ತಾರೀಕು ಕಾಯಬೇಡಿ. ಟೈರ್ ಗೆರೆಯ ಆಳ 1.6 ಮಿ.ಮೀ.ಗೆ ಬಂದರೆ ಮುಗಿಯಿತು. ಗೆರೆಗಳ ನಡುವೆ ಇರುವ ಸಣ್ಣ ಉಬ್ಬು ಮಟ್ಟಕ್ಕೆ ಸಮ ಬಂದಿದೆಯಾ ನೋಡಿದರೆ ಗೊತ್ತಾಗುತ್ತದೆ.

ತಿಂಗಳಿಂದ ಕೆಡುವುದು. ಬ್ರೇಕ್ ಫ್ಲೂಯಿಡ್, ಕೂಲೆಂಟ್, ಬ್ಯಾಟರಿ, ವೈಪರ್ ರಬ್ಬರ್, ಟೈರಿನ ರಬ್ಬರ್. ಕಾರು ಓಡಲಿ ಬಿಡಲಿ ಇವು ಕೆಡುತ್ತವೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಕುದಿಯುವ ಮಟ್ಟ ಇಳಿಯುತ್ತದೆ. ಘಾಟಿ ಇಳಿಯುವಾಗ ಕುದಿದು ಗುಳ್ಳೆಯಾದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. 'ನಿಂತ ಕಾರಿ'ನವರು ತಪ್ಪದೆ ತಪ್ಪುವುದು ಇದರಲ್ಲೇ. ಕೂಲೆಂಟ್ ಕಮ್ಮಿಯಾದರೆ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮ ಬಕೆಟ್ ಮೇಲೆ ಕಟ್ಟುವ ಬಿಳಿ ಪೊರೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಬ್ಯಾಟರಿ ರಾತ್ರಿ ನಿಂತ ಮೇಲೆ ಬೆಳಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಚಾರ್ಜ್ ಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3522 ಅಂದರೆ 2022ರ 35ನೇ ವಾರ ತಯಾರಾದದ್ದು. ಹೊಸದು ಕೊಳ್ಳುವಾಗಲೂ ಅದನ್ನು ನೋಡಿಯೇ ದುಡ್ಡು ಕೊಡಿ.

ಧೂಳಿನಿಂದ ಕಟ್ಟಿಕೊಳ್ಳುವುದು. ಏರ್ ಫಿಲ್ಟರ್, ಎಸಿ ಫಿಲ್ಟರ್. 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ. ಎಸಿ ಫಿಲ್ಟರ್ ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಸ್ಕ್ರೂ ಡ್ರೈವರ್ ಕೂಡ ಬೇಡ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ತಂದು ನೀವೇ ಹಾಕಬಹುದು.

ಸಿಎನ್‌ಜಿಯವರಿಗೆ ಇನ್ನೊಂದು ಸಾಲು: ಸಿಲಿಂಡರ್ ಪರೀಕ್ಷೆ ಮೂರು ವರ್ಷಕ್ಕೊಮ್ಮೆ. ಎಲೆಕ್ಟ್ರಿಕ್ ಕಾರಿಗೆ ಮೊದಲ ಹಾಳೆ ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ಹಾಗೇ.

## 6. ಪಟ್ಟಿ ಬರೆಯಿರಿ, ಹಬ್ಬಕ್ಕೆ ಗಂಟು ಹಾಕಿ

ತಾರೀಕು ಯಾರಿಗೂ ನೆನಪಿರುವುದಿಲ್ಲ. ಹಬ್ಬ, ಮಳೆ ನೆನಪಿರುತ್ತವೆ. ನನ್ನದು ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆಫೀಸಿಗೆ ವಾರಕ್ಕೆ ಮೂರು ದಿನ, ಉಳಿದದ್ದು ವಾರಾಂತ್ಯದ ಓಡಾಟ. ವರ್ಷಕ್ಕೆ 9,000 ಕಿ.ಮೀ., ಎಲ್ಲ ಸೇರಿ ಸರಾಸರಿ 17. ಗುಣಿಸಿದರೆ 6,800. ನನ್ನ ಹಾಳೆಯಲ್ಲಿರುವುದು ಇಷ್ಟು:

- ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್: 6,500 ಕಿ.ಮೀ. ಅಥವಾ 9 ತಿಂಗಳು
- ಯುಗಾದಿ: ಕೂಲೆಂಟ್ ಮಟ್ಟ, ಎಸಿ ಫಿಲ್ಟರ್, ಬ್ಯಾಟರಿ ವೋಲ್ಟ್. ಬೇಸಿಗೆ ಮುಂದಿದೆ
- ಮೇ ಕೊನೆ: ವೈಪರ್, ಟೈರ್ ಗೆರೆ, ಬ್ರೇಕ್ ಪ್ಯಾಡ್, ಬಾಗಿಲ ಕೆಳಗಿನ ನೀರು ಹೋಗುವ ತೂತು
- ಗಣೇಶನ ಹಬ್ಬ ಮುಗಿದ ವಾರ: ವಾರ್ಷಿಕ ಸರ್ವೀಸ್
- ಎರಡು ವರ್ಷಕ್ಕೊಮ್ಮೆ, ಅದೇ ಸರ್ವೀಸ್‌ನಲ್ಲಿ: ಬ್ರೇಕ್ ಫ್ಲೂಯಿಡ್

ವಾರ್ಷಿಕ ಸರ್ವೀಸ್ ಗಣೇಶನ ಹಬ್ಬದ ಮೇಲೆ ಯಾಕೆ ಅಂದರೆ, ಆಯುಧ ಪೂಜೆಗೆ ಮುಂಚಿನ ವಾರ ಇಡೀ ಊರಿನ ಕಾರುಗಳು ಗ್ಯಾರೇಜಿನಲ್ಲಿರುತ್ತವೆ. ಆ ನೂಕುನುಗ್ಗಲಲ್ಲಿ ಮೆಕ್ಯಾನಿಕ್‌ಗೆ ನಿಮ್ಮ ಕಾರಿಗೆ ಕೊಡಲು ಅರ್ಧ ಗಂಟೆಯೂ ಇರುವುದಿಲ್ಲ. ತೊಳೆದು, ಆಯಿಲ್ ಬದಲಿಸಿ ಕಳಿಸುತ್ತಾರೆ. ಪೂಜೆಗೆ ಕಾರು ಹೊಳೆಯುತ್ತದೆ, ಅಷ್ಟೇ.

ಪಟ್ಟಿಯನ್ನು ಫೋನಿನಲ್ಲೂ ಹಾಕಿ, ಒಂದು ಪ್ರತಿ ಚಾಲಕನ ಸನ್ ವೈಸರ್‌ಗೆ ಸಿಕ್ಕಿಸಿ.

## 7. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ಓದಿ

ಪಟ್ಟಿ ಸರಿಯಾಗಿದೆಯಾ ಅಂತ ಹೇಳುವುದು ಆಯಿಲ್ ಮಟ್ಟ ನೋಡುವ ಈ ಕಡ್ಡಿಯೇ. ಆದರೆ ಓದುವುದರಲ್ಲಿ ತುಂಬಾ ಜನ ತಪ್ಪುತ್ತಾರೆ.

ಕಾರು ಮಟ್ಟ ನೆಲದ ಮೇಲಿರಲಿ. ಅಪಾರ್ಟ್‌ಮೆಂಟಿನ ರ‍್ಯಾಂಪ್ ಮೇಲೆ, ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಸುಳ್ಳು ಹೇಳುತ್ತದೆ. ಇಂಜಿನ್ ಬಿಸಿಯಾಗಿದ್ದರೆ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು ಬನಿಯನ್ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮತ್ತೆ ಕೊನೆವರೆಗೂ ತಳ್ಳಿ, ಒಂದು ಕ್ಷಣ ಬಿಟ್ಟು ಎಳೆಯಿರಿ. ಈ ಎರಡನೇ ಸಲದ್ದೇ ಲೆಕ್ಕ. ಎರಡೂ ಪಕ್ಕ ನೋಡಿ, ಕಮ್ಮಿ ತೋರಿಸುವ ಪಕ್ಕವನ್ನು ನಂಬಿ. ಎರಡು ಗುರುತಿನ ನಡುವೆ ಇರಬೇಕು.

ಬಣ್ಣ ಕಪ್ಪಾಗಿದೆ ಅಂತ ಗಾಬರಿ ಬೇಡ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ವಾರದಲ್ಲೇ ಕಪ್ಪಾಗುತ್ತದೆ. ಗಾಬರಿಯಾಗಬೇಕಾದದ್ದು ಮಟ್ಟ *ಏರಿದರೆ*. ಯಾರೂ ಹಾಕದೆ ಆಯಿಲ್ ಜಾಸ್ತಿಯಾಗಿದೆ ಅಂದರೆ ಅದರೊಳಗೆ ಇಂಧನವೋ ನೀರೋ ಸೇರಿದೆ. ಮೂಸಿ ನೋಡಿ, ಪೆಟ್ರೋಲ್ ಬಂಕಿನ ವಾಸನೆ ಬಂದರೆ ಪಟ್ಟಿಯ ತಾರೀಕಿಗೆ ಕಾಯದೆ ಈಗಲೇ ಬದಲಿಸಿ.

ಇದೇ ದಿನ ಟೈರ್ ಗಾಳಿ ನೋಡಿ, ಸ್ಟೆಪ್ನಿ ಸೇರಿ. ಬೆಳಗ್ಗೆ ಕಾರು ಓಡುವ ಮೊದಲು. ಸಂಖ್ಯೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಟೈರಿನ ಮೇಲೆ ಬರೆದದ್ದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ.

## 8. ಸರ್ವೀಸ್ ಸೆಂಟರ್‌ನಲ್ಲಿ ನಿಮ್ಮ ಪಟ್ಟಿಯನ್ನೇ ಹಿಡಿದು ನಿಲ್ಲಿ

ಕಾರು ಒಪ್ಪಿಸುವಾಗ ನಿಮ್ಮ ಹಾಳೆಯಲ್ಲಿರುವುದನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

"ಸಾರ್, ಇಂಜಿನ್ ಡೀಕಾರ್ಬನೈಸಿಂಗ್, ಫ್ಲಶ್, ಥ್ರಾಟಲ್ ಕ್ಲೀನಿಂಗ್ ಸೇರಿಸಿಬಿಡ್ಲಾ? ಪ್ಯಾಕೇಜ್ ಇದೆ."

"ಮ್ಯಾನ್ಯುಯಲ್‌ನಲ್ಲಿ ಯಾವ ಪುಟದಲ್ಲಿದೆ ತೋರಿಸ್ತೀರಾ?"

ಇದನ್ನು ನಗುತ್ತಲೇ ಕೇಳಿ. ಅಡ್ವೈಸರ್ ಮೇಲೆ ರೇಗಬೇಡಿ, ಅವರಿಗೂ ಟಾರ್ಗೆಟ್ ಇರುತ್ತದೆ. ಪುಟ ತೋರಿಸಿದರೆ ಮಾಡಿಸಿ, ಇಲ್ಲದಿದ್ದರೆ ಬೇಡ. ಇಂಜಿನ್ ಎಳೆಯುತ್ತಿಲ್ಲ, ಐಡ್ಲಿಂಗ್ ನಡುಗುತ್ತಿದೆ ಅನ್ನುವ ದೂರಿದ್ದರೆ ಮಾತ್ರ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ವಿಚಾರ ಯೋಚಿಸಿ.

ಹಳೇ ಭಾಗ ವಾಪಸ್ ಕೇಳಿ. ಒಂದು ಗ್ಯಾರೇಜಿನಲ್ಲಿ ನನಗೆ ಏರ್ ಫಿಲ್ಟರ್‌ಗೆ ಬಿಲ್ ಹಾಕಿದ್ದರು. ಕಾರು ಬಿಡುವ ಮೊದಲು ನಾನು ಫಿಲ್ಟರಿನ ರಬ್ಬರ್ ಅಂಚಿನಲ್ಲಿ ನೀಲಿ ಪೆನ್ನಿನಿಂದ ಸಣ್ಣ ಚುಕ್ಕಿ ಇಟ್ಟಿದ್ದೆ. ಮನೆಗೆ ಬಂದು ಡಬ್ಬಿಯ ಕ್ಲಿಪ್ ತೆಗೆದರೆ ಚುಕ್ಕಿ ಅಲ್ಲೇ ಕೂತಿತ್ತು, ಧೂಳು ಮಾತ್ರ ಗಾಳಿ ಹೊಡೆದು ಹಾರಿಸಿದ್ದರು. ವಾಪಸ್ ಹೋಗಿ ತೋರಿಸಿದೆ, ಮಾತಿಲ್ಲದೆ ಹೊಸದು ಹಾಕಿಕೊಟ್ಟರು. ಅಂದಿನಿಂದ ಪೆನ್ನು ಗ್ಲೋವ್ ಬಾಕ್ಸ್‌ನಲ್ಲೇ ಇದೆ.

ವಾರಂಟಿ ಇರುವವರಿಗೆ: ಕಂಪನಿ ಹೇಳಿದ್ದಕ್ಕಿಂತ ಮೊದಲೇ ಆಯಿಲ್ ಬದಲಿಸುವುದರಿಂದ ತೊಂದರೆಯಿಲ್ಲ. ತಡ ಮಾಡಿದರೆ ತೊಂದರೆ. ನಡುವಿನ ಆಯಿಲ್ ಬದಲಾವಣೆ ಹೊರಗೆ ಮಾಡಿಸಿದರೆ ಗ್ರೇಡ್, ಲೀಟರ್, ಕಿ.ಮೀ. ಬರೆದ ಬಿಲ್ ಇಟ್ಟುಕೊಳ್ಳಿ. ಕಂಪನಿಯ ಸರ್ವೀಸ್ ತಾರೀಕನ್ನು ಅದಕ್ಕಾಗಿ ಬಿಡಬೇಡಿ.

## 9. ಪಟ್ಟಿ ಏನೇ ಹೇಳಲಿ, ಆಗಲೇ ನಿಲ್ಲಿಸಬೇಕಾದ ಸೂಚನೆಗಳು

ಕೆಂಪು ಆಯಿಲ್ ದೀಪ ಹತ್ತಿದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. "ಮನೆ ಇಲ್ಲೇ ಎರಡು ಕಿಲೋಮೀಟರ್" ಅನ್ನಬೇಡಿ. ಆ ಎರಡು ಕಿಲೋಮೀಟರ್‌ನಲ್ಲೇ ಬೇರಿಂಗ್ ಹೋಗುತ್ತದೆ.

ಟೆಂಪರೇಚರ್ ಮುಳ್ಳು ಏರಿದರೂ ಅದೇ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ.

ಮುಚ್ಚಳದ ಕೆಳಗೆ ಮಾತ್ರ ಕಾಫಿ ನೊರೆ ಇದ್ದರೆ ಅದು ಸಣ್ಣ ಓಡಾಟದ ನೀರು. ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಇದ್ದು, ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಕೂಲೆಂಟ್ ಆಯಿಲ್‌ಗೆ ಸೇರುತ್ತಿರಬಹುದು.

ಬ್ರೇಕ್ ಪೆಡಲ್ ನಿಧಾನವಾಗಿ ಒಳಗಿಳಿದರೆ, ಟೈರಿನ ಪಕ್ಕ ಮೊಟ್ಟೆಯ ಹಾಗೆ ಉಬ್ಬಿದರೆ ಆ ಕಾರಿನಲ್ಲಿ ಆಫೀಸಿಗೆ ಹೋಗಬೇಡಿ. ಮಳೆಯಲ್ಲಿ ಅಂಡರ್‌ಪಾಸ್ ನೀರಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಮೊದಲು ಜನ ಹೊರಗೆ ಬರಲಿ, ಆಮೇಲೆ ಟೋ.

ಡಿಪಿಎಫ್ ದೀಪ ಹತ್ತಿದರೆ ಗಾಬರಿಯಿಲ್ಲ, ಆದರೆ ಅವತ್ತೇ ಖಾಲಿ ರಸ್ತೆ ಹಿಡಿದು 60ರ ಮೇಲಿನ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿಬನ್ನಿ. ದೀಪದ ಜೊತೆ ಇಂಜಿನ್ ಎಳೆತವೂ ಕುಗ್ಗಿದ್ದರೆ ತಡವಾಯಿತು, ಗ್ಯಾರೇಜಿಗೆ.

## 10. ಬದುಕು ಬದಲಾದಾಗ ಮತ್ತೆ ಟ್ರಿಪ್ ಬಿ ಸೊನ್ನೆ ಮಾಡಿ

ಆಫೀಸು ವೈಟ್‌ಫೀಲ್ಡ್‌ನಿಂದ ಯಲಹಂಕಕ್ಕೆ ಹೋಯಿತು, ಮಗ ಸ್ಕೂಲ್ ಬಸ್ ಬಿಟ್ಟ, ಮನೆ ಹತ್ತಿರವೇ ಮೆಟ್ರೋ ಬಂತು. ಇಂಥದ್ದು ಆದ ತಿಂಗಳೇ ಮೊದಲ ಹಂತಕ್ಕೆ ವಾಪಸ್ ಹೋಗಿ. ಏನೂ ಬದಲಾಗದಿದ್ದರೂ ಆರು ತಿಂಗಳಿಗೊಮ್ಮೆ ಸರಾಸರಿ ವೇಗ ನೋಡಿ. ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ 400ರಿಂದ ಮತ್ತೆ ಗುಣಿಸಿ.

ಮೇಷ್ಟ್ರು ಈಗ ಭಾನುವಾರ ಬೆಳಗ್ಗೆ ಆರಕ್ಕೆ ಬಿಡದಿವರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ. ಮೊನ್ನೆ ಮುಚ್ಚಳ ತೆಗೆದು ನೋಡಿದೆವು. ಒಳಗೆ ಬರೀ ಆಯಿಲ್ ಜಿಡ್ಡು ಇತ್ತು, ನೊರೆ ಇರಲಿಲ್ಲ.